ಬೆತ್ತದ ತುದಿಗೆ ವಾಕ್ಯ ಕಟ್ಟಬೇಡಿ

ರಾತ್ರಿ ಎಂಟೂವರೆ, ಕುಟುಂಬ ಪ್ರಾರ್ಥನೆ. ಹಾಡು ಆಯಿತು, ಅಧ್ಯಾಯ ಓದಿದ್ದಾಯಿತು, ಎಲ್ಲರೂ ಕಣ್ಣು ಮುಚ್ಚಿದ್ದಾರೆ. ಆಗ ಅಪ್ಪ ಶುರು ಮಾಡುತ್ತಾರೆ: ‘ಕರ್ತನೇ, ಗಣಿತದಲ್ಲಿ 38 ತೆಗೆದುಕೊಂಡು ಬಂದಿರುವ ಈ ಮಗನಿಗೆ ಬುದ್ಧಿ ಕೊಡು. ಮೊಬೈಲಿನ ಚಟ ಬಿಡಿಸು. ಹೆತ್ತವರ ಮಾತು ಕೇಳುವ ಕಿವಿ ಕೊಡು.’ ಹೆಸರಿಗೆ ಇದು ದೇವರಿಗೆ ಮೊರೆ, ಬೈಗುಳವೆಲ್ಲ ಮಗನಿಗೆ. ಅವನು ಎದುರಾಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಕೊನೆಗೆ ಆಮೆನ್ ಬೇರೆ ಹೇಳಬೇಕು.

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಕ್ರೈಸ್ತ ಕುಟುಂಬಗಳ ನಡುವೆ ಕೆಲಸ ಮಾಡುವವರಿಗೆ ಈ ಪ್ರಾರ್ಥನೆ ಹೊಸದಲ್ಲ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮನೆಯಾಗಲಿ, ಕಥೋಲಿಕರ ಮನೆಯಾಗಲಿ, ಪೆಂತೆಕೋಸ್ತ್ ಸಭೆಯವರಾಗಲಿ, ಬದಲಾಗುವುದು ಮಾರ್ಕ್ಸ್ ಮಾತ್ರ. ನಾಲ್ಕೈದು ವರ್ಷ ಕಳೆದ ಮೇಲೆ ಅದೇ ಅಪ್ಪ ಅಮ್ಮ ಬಂದು ಕೇಳುತ್ತಾರೆ: ‘ಪಿಯುಸಿಗೆ ಬಂದಾಗಿನಿಂದ ಹುಡುಗ ಬೈಬಲ್ ಮುಟ್ಟೋದೇ ಇಲ್ಲ, ಯಾಕೆ ಸಾರ್?’

ಒಂದೊಂದು ಮನೆಗೆ ಒಂದೊಂದು ಕಾರಣ ಇದ್ದೀತು. ಆದರೆ ಮತ್ತೆ ಮತ್ತೆ ಕಾಣುವುದು ಒಂದೇ: ಆ ಮನೆಯಲ್ಲಿ ಬೈಬಲಿನ ವಾಕ್ಯ ಬಾಯಿಗೆ ಬರುವುದು ಮಗು ತಪ್ಪು ಮಾಡಿದಾಗ ಮಾತ್ರ. ಸುಳ್ಳು ಹೇಳಿದರೆ ಒಂದು ವಾಕ್ಯ, ಎದುರು ಮಾತಾಡಿದರೆ ಇನ್ನೊಂದು. ತಂದೆಯನ್ನು ಹಾಸ್ಯ ಮಾಡುವ ಕಣ್ಣನ್ನು ಕಾಗೆಗಳು ಕುಕ್ಕುತ್ತವೆ ಎಂಬ ಜ್ಞಾನೋಕ್ತಿ 30:17 ಅಂತೂ ಎಷ್ಟೋ ತಾಯಂದಿರಿಗೆ ದೇವರ ಪ್ರೀತಿಯನ್ನು ಹೇಳುವ ಯೋಹಾನ 3:16ಕ್ಕಿಂತ ಚೆನ್ನಾಗಿ ಬಾಯಿಪಾಠ. ಹತ್ತು ವರ್ಷ ಹೀಗೆ ನಡೆದರೆ ಬೈಬಲಿನ ಕಪ್ಪು ರಟ್ಟು ಕಂಡೊಡನೆ ಮಗುವಿಗೆ ‘ಇವತ್ತು ನಾನೇನು ಮಾಡಿದೆ?’ ಎನಿಸುತ್ತದೆ. ಅದು ಅವಿಶ್ವಾಸವಲ್ಲ, ಅಭ್ಯಾಸ.

ಧರ್ಮೋಪದೇಶಕಾಂಡ 6:7 ತೆಗೆದು ನೋಡಿ. ದೇವರ ಮಾತನ್ನು ಮಕ್ಕಳೊಂದಿಗೆ ಯಾವಾಗ ಆಡಬೇಕು ಎಂದು ಅಲ್ಲಿ ನಾಲ್ಕು ಹೊತ್ತು ಹೇಳಿದೆ: ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ‘ತಪ್ಪು ಮಾಡಿ ಸಿಕ್ಕಿಬಿದ್ದಾಗ’ ಎಂಬ ಐದನೆಯದನ್ನು ಸೇರಿಸಿಕೊಂಡವರು ನಾವು. ಸೇರಿಸಿಕೊಂಡದ್ದಷ್ಟೇ ಅಲ್ಲ, ಮೊದಲ ನಾಲ್ಕನ್ನು ಬಿಟ್ಟು ಅದೊಂದನ್ನೇ ಇಟ್ಟುಕೊಂಡಿದ್ದೇವೆ.

ಇಷ್ಟು ಹೇಳಿದ ಕೂಡಲೇ ಯಾರಾದರೊಬ್ಬರು ಜ್ಞಾನೋಕ್ತಿ 13:24 ಎತ್ತುತ್ತಾರೆ. ಬೆತ್ತ ಹಿಡಿಯದವನು ಮಗನನ್ನು ಹಗೆಮಾಡುತ್ತಾನೆ ಅಂತ ಇದೆಯಲ್ಲ ಸಾರ್? ಇದೆ. ಮೂಲ ಹೀಬ್ರೂವಿನಲ್ಲಿ ಅಲ್ಲಿರುವ ಪದ ‘ಶೇವೆತ್’. 23ನೇ ಕೀರ್ತನೆಯಲ್ಲಿ, ಕಣಿವೆಯ ಕತ್ತಲಲ್ಲಿ ಧೈರ್ಯ ಕೊಡುತ್ತದೆ ಎಂದು ಹಾಡಿರುವುದೂ ಇದೇ ‘ಶೇವೆತ್’ ಅನ್ನೇ. ಒಂದೇ ಪದ, ಒಂದು ಕಡೆ ಬೆತ್ತ, ಇನ್ನೊಂದು ಕಡೆ ಕುರುಬನ ದೊಣ್ಣೆ.

ಆ ದೊಣ್ಣೆಯ ಕೆಲಸ ತಿಳಿಯಲು ನಮ್ಮ ಜಿಲ್ಲೆಯವರು ಇಸ್ರಾಯೇಲಿಗೆ ಹೋಗಬೇಕಾಗಿಲ್ಲ. ಚಳ್ಳಕೆರೆ ರಸ್ತೆಯಲ್ಲಿ ಮಂದೆ ಅಡ್ಡ ಬಂದು ಬಸ್ಸು ನಿಂತಾಗ, ಹಾರ್ನ್ ಹೊಡೆಯುವ ಡ್ರೈವರನ್ನು ಬಿಟ್ಟು ಕುರಿ ಕಾಯುವವನ ಕೈ ನೋಡಿ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಕೋಲನ್ನು ಅಡ್ಡ ಹಿಡಿದರೆ ಮಂದೆ ರಸ್ತೆಯ ಒಂದು ಬದಿಗೆ ಸರಿಯುತ್ತದೆ. ಅದರಲ್ಲೇ ಜಾಲಿಕೊಂಬೆ ಬಗ್ಗಿಸಿ ಕಾಯಿ ಉದುರಿಸುತ್ತಾನೆ, ಪೊದೆ ಬಡಿದು ಹಾವು ಓಡಿಸುತ್ತಾನೆ, ನಾಯಿ ಬಂದರೆ ಬೀಸುತ್ತಾನೆ. ಸಂಜೆ ರೊಪ್ಪದ ಬಾಗಿಲಲ್ಲಿ ಒಂದೊಂದೇ ಕುರಿಯನ್ನು ಎಣಿಸಿ ಒಳಗೆ ಬಿಡುತ್ತಾನೆ. ಕೋಲಿನ ಕೆಳಗೆ ಹಾಯಿಸಿ ಎಣಿಸುವ ಈ ಪದ್ಧತಿ ಯಾಜಕಕಾಂಡ 27:32ರಲ್ಲೂ ಇದೆ. ದಾರಿ ತಪ್ಪಿದ ಕುರಿಗೆ ಪಕ್ಕೆಯಲ್ಲಿ ಒಂದು ತಿವಿತವೂ ಬೀಳುತ್ತದೆ, ಇಲ್ಲವೆನ್ನುವುದಿಲ್ಲ. ಕಾಲು ಮುರಿಯುವಂತೆ ಮಾತ್ರ ಹೊಡೆಯುವುದಿಲ್ಲ. ಮುರಿದರೆ ಹೊತ್ತುಕೊಂಡು ನಡೆಯಬೇಕಾದವನು ಅವನೇ.

ಎಚ್ಚರಿಕೆಯ ಮಾತೊಂದಿದೆ. ಜ್ಞಾನೋಕ್ತಿಯಲ್ಲಿ ಹೊಡೆತದ ಮಾತೇ ಇಲ್ಲ ಎಂದರೆ ಸುಳ್ಳಾಗುತ್ತದೆ. 23:13ರಲ್ಲಿ ನೇರವಾಗಿಯೇ ಇದೆ. ಇಂದಿನ ಮನೆಗೆ ಅದನ್ನು ಹೇಗೆ ಅನ್ವಯಿಸಬೇಕು ಎಂಬುದರಲ್ಲಿ ಸಭೆಗಳಲ್ಲೇ ಒಮ್ಮತವಿಲ್ಲ. ತನ್ನ ಮಕ್ಕಳನ್ನು ತಿದ್ದದೆ ಬಿಟ್ಟ ಯಾಜಕ ಏಲಿಯನ್ನು ಬೈಬಲ್ ಮೆಚ್ಚಿಲ್ಲ ಎಂಬುದೂ ನಿಜ. ಆದರೆ ಮಗುವಿನ ಮೈಮೇಲೆ ಬಾಸುಂಡೆ ಎದ್ದಿದ್ದರೆ ಅದು ವ್ಯಾಖ್ಯಾನದ ಚರ್ಚೆಯಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವ ವಿಷಯ. ಪಾಸ್ಟರ್ ಆಗಲಿ ಫಾದರ್ ಆಗಲಿ ಅದನ್ನು ‘ಮನೆಯೊಳಗಿನ ಮಾತು’ ಎಂದು ಮುಚ್ಚಬಾರದು.

‘ಶಿಕ್ಷೆ’ ಎಂಬ ನಮ್ಮ ಪದದ ಗತಿಯೂ ಇದೇ. ಮೂಲದಲ್ಲಿ ಅದು ಕಲಿಕೆ. ಶಿಕ್ಷಕ, ಶಿಕ್ಷಣ ಎಲ್ಲ ಅಲ್ಲಿಂದಲೇ ಬಂದವು. ಈಗ ಆ ಪದ ಕೇಳಿದರೆ ನೆನಪಾಗುವುದು ಜೈಲು. ಎಫೆಸ 6:4ರ ಹಳೆಯ ಕನ್ನಡ ಅನುವಾದದಲ್ಲಿ ‘ಬಾಲಶಿಕ್ಷೆ’ ಎಂದಿದೆ. ಮಕ್ಕಳಿಗೆ ಕಲಿಸುವುದು ಎಂದು ಅದರ ಅರ್ಥ, ಮಕ್ಕಳಿಗೆ ಬಾರಿಸುವುದು ಎಂದಲ್ಲ. ಅದೇ ವಾಕ್ಯದ ಮೊದಲ ಅರ್ಧದಲ್ಲಿ ತಂದೆಗಳಿಗೆ ಮಕ್ಕಳ ಕೋಪ ಕೆರಳಿಸಬೇಡಿ ಎಂಬ ಅಪ್ಪಣೆಯೂ ಇದೆ. ಆ ಅರ್ಧವನ್ನು ಬಾಯಿಪಾಠ ಮಾಡಿದ ತಂದೆಯರು ಅಪರೂಪ.

ಇನ್ನು ತಂದೆತಾಯಿಗಳನ್ನು ಸನ್ಮಾನಿಸು ಎಂಬ ಆಜ್ಞೆ. ಕಥೋಲಿಕರ ಎಣಿಕೆಯಲ್ಲಿ ಅದು ನಾಲ್ಕನೆಯದು, ಬಹುತೇಕ ಪ್ರೊಟೆಸ್ಟೆಂಟರಲ್ಲಿ ಐದನೆಯದು. ಎಷ್ಟನೆಯದಾದರೂ, ಹೋಮ್‌ವರ್ಕ್ ಮಾಡದ ಹುಡುಗನನ್ನು ಕಂಡಾಗಲೇ ನಮಗೆ ಅದು ನೆನಪಾಗುವುದು. ಯೇಸು ಇದನ್ನು ಮಾರ್ಕ 7ರಲ್ಲಿ ಎತ್ತಿದ್ದು ದುಡಿಯುವ ಗಂಡಸರ ವಿಷಯದಲ್ಲಿ. ದೇವರಿಗೆ ಮೀಸಲಿಟ್ಟಿದ್ದೇನೆ ಎಂದು ನೆಪ ಹೇಳಿ ಮುದಿ ತಂದೆತಾಯಿಗೆ ಕೊಡಬೇಕಾದ್ದನ್ನು ತಪ್ಪಿಸುತ್ತಿದ್ದವರಿಗೆ ಅವನು ಹಾಗೆ ಹೇಳಿದ್ದು. ಜಗಳೂರಿನಲ್ಲಿ ಒಬ್ಬಳೇ ಇರುವ ಅಜ್ಜಿಯ ಬಿಪಿ ಮಾತ್ರೆ ಮುಗಿದು ವಾರವಾಗಿದೆ ಎಂದು ಮಗುವಿಗೂ ಗೊತ್ತಿರುತ್ತದೆ. ಆ ಮನೆಯಲ್ಲಿ ಈ ಆಜ್ಞೆಯನ್ನು ಎಷ್ಟು ಗಟ್ಟಿಯಾಗಿ ಓದಿದರೇನು?

ಹತ್ತು ಆಜ್ಞೆಗಳನ್ನು ಓದುವಾಗ ವಿಮೋಚನಕಾಂಡ 20:3ರಿಂದ ಶುರು ಮಾಡಬೇಡಿ, 20:2ರಿಂದ ಮಾಡಿ. ನಿಮ್ಮನ್ನು ದಾಸತ್ವದಿಂದ ಬಿಡಿಸಿದವನು ನಾನೇ ಎಂಬ ಮಾತು ಅಲ್ಲಿದೆ. ಮೊದಲು ಬಿಡುಗಡೆ, ಆಮೇಲೆ ಆಜ್ಞೆ. ಈ ಒಂದು ವಾಕ್ಯ ಬಿಟ್ಟರೆ ಮಗುವಿಗೆ ಕಾಣುವುದು ಶಾಲೆಯ ಗೋಡೆಯ ಮೇಲಿನ ನಿಯಮಗಳ ಪಟ್ಟಿ. ನಾವು ‘ಧರ್ಮಶಾಸ್ತ್ರ’ ಎನ್ನುವ ಹೀಬ್ರೂವಿನ ‘ತೋರಾ’ ಪದವನ್ನೇ ಜ್ಞಾನೋಕ್ತಿ 1:8ರಲ್ಲಿ ತಾಯಿಯ ಬೋಧನೆಗೂ ಬಳಸಿದ್ದಾರೆ. ಒಲೆಯ ಪಕ್ಕ ಕೂರಿಸಿಕೊಂಡು ಅಮ್ಮ ಹೇಳುವ ಬುದ್ಧಿಮಾತೂ ತೋರಾ.

ಈಗ ಮನೆಯಲ್ಲಿ ಮಾಡಬೇಕಾದ್ದು. ಒಟ್ಟು 15 ನಿಮಿಷ ಸಾಕು. ಮುಕ್ಕಾಲು ಗಂಟೆ ಕೂರಿಸಿದರೆ ಚಿಕ್ಕವು ತೂಕಡಿಸುತ್ತವೆ, ಆಮೇಲೆ ಅದಕ್ಕೂ ಬೈಗುಳ. ಊಟಕ್ಕೆ ಮುಂಚೆ ಬೇಡ, ಹಸಿದ ಹೊಟ್ಟೆಗೆ ಯಾವ ವಾಕ್ಯವೂ ಸೇರದು. ಒಂದು ಸಲಕ್ಕೆ 8ರಿಂದ 12 ವಾಕ್ಯ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ, 16 ಅಧ್ಯಾಯ, ಘಟನೆಗಳು ಬೇಗ ಬೇಗ ಸಾಗುತ್ತವೆ, ಎರಡೂವರೆ ತಿಂಗಳಲ್ಲಿ ಮುಗಿಯುತ್ತದೆ. ಓದಿದ ಮೇಲೆ ಮೊದಲ ಪ್ರಶ್ನೆ ಮಗು ಕೇಳಲಿ, ಅಪ್ಪ ಉತ್ತರಿಸಲಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಲಿ. ‘ಇದರಿಂದ ನೀನೇನು ಕಲಿತೆ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ‘ಒಳ್ಳೆಯವನಾಗಿರಬೇಕು’ ಎಂಬ ಒಂದೇ ಉತ್ತರ ಎಲ್ಲ ಮಕ್ಕಳ ಬಳಿಯೂ ಸಿದ್ಧವಿರುತ್ತದೆ. ಪ್ರಾರ್ಥನೆಯಲ್ಲಿ ಹೆತ್ತವರು ತಮ್ಮ ತಪ್ಪನ್ನು ಹೇಳಿಕೊಳ್ಳಬಹುದು. ಮಗುವಿನ ತಪ್ಪನ್ನು ಹೇಳಬಾರದು.

ಮನೆ ಬಿಟ್ಟು ಹೋಗಿ ಎಲ್ಲ ಕಳೆದುಕೊಂಡು ಮರಳುವ ಮಗನ ಕಥೆಯನ್ನು, ಲೂಕ 15:11–32ನ್ನು, ಎರಡು ರಾತ್ರಿಗೆ ಹಂಚಿಕೊಳ್ಳಿ. ಮೊದಲ ರಾತ್ರಿ ಒಂದು ಕೆಲಸ: ಹಂದಿಗಳ ನಡುವೆ ಕೂತು ಮಗ ಏನೇನು ಹೇಳಬೇಕೆಂದು ಬಾಯಿಪಾಠ ಮಾಡಿಕೊಳ್ಳುತ್ತಾನೆ (18, 19). ಅಪ್ಪನ ಮುಂದೆ ನಿಂತಾಗ ಏನು ಹೇಳಿದ (21)? ಎರಡನ್ನೂ ಹೋಲಿಸಿ, ಬಿಟ್ಟುಹೋದ ಮಾತು ಯಾವುದೆಂದು ಮಕ್ಕಳೇ ಹುಡುಕಲಿ. ಬಹುತೇಕ ಅನುವಾದಗಳಲ್ಲಿ ಬಿಟ್ಟುಹೋಗಿರುವುದು ‘ಕೂಲಿಯಾಳಿನಂತೆ ಇಟ್ಟುಕೋ’ ಎಂಬ ಮಾತು. ಅದನ್ನು ಆಡಲು ಅಪ್ಪ ಬಿಡಲೇ ಇಲ್ಲ. ಅಷ್ಟರಲ್ಲಿ ಅಂಗಿ, ಉಂಗುರ, ಜೋಡು ತರಲು ಆಳುಗಳನ್ನು ಕೂಗಿಯಾಗಿತ್ತು. ಇದನ್ನು ವಿವರಿಸಲು ಹೋಗಬೇಡಿ. ಅರ್ಧ ನಿಮಿಷ ಸುಮ್ಮನಿರಿ.

ತಪ್ಪು ಮಾಡಿದ ದಿನ ತಪ್ಪಿನ ಬಗ್ಗೆ ಮಾತ್ರ ಮಾತಾಡಿ, ನಿಮ್ಮದೇ ಮಾತಿನಲ್ಲಿ. ಸಿಟ್ಟು ನಿಮ್ಮದು ಎಂದು ಒಪ್ಪಿಕೊಳ್ಳಿ, ದೇವರ ಮೇಲೆ ಹಾಕಬೇಡಿ. ಶಿಕ್ಷೆಯೆಂದು ವಾಕ್ಯ ಬರೆಸುವುದನ್ನಂತೂ ಇವತ್ತೇ ನಿಲ್ಲಿಸಿ. ಉದ್ದವಾಗಿದೆ ಎಂಬ ಕಾರಣಕ್ಕೆ 119ನೇ ಕೀರ್ತನೆಯನ್ನೇ ಆರಿಸಿ ಕೊಡುವವರಿದ್ದಾರೆ. ಹೀಬ್ರೂವಿನ 22 ಅಕ್ಷರಗಳಿಗೆ ಎಂಟೆಂಟರಂತೆ ಒಟ್ಟು 176 ವಾಕ್ಯ. ನೂರಮೂರನೆಯ ವಾಕ್ಯಕ್ಕೆ, ದೇವರ ನುಡಿ ಜೇನಿಗಿಂತ ಸಿಹಿ ಎನ್ನುವಲ್ಲಿಗೆ ಬರುವ ಹೊತ್ತಿಗೆ, ಹುಡುಗಿಯ ಬೆರಳು ಊದಿಕೊಂಡಿರುತ್ತದೆ.

ಇಷ್ಟರಲ್ಲಾಗಲೇ ದೂರ ಸರಿದಿರುವ ದೊಡ್ಡ ಮಕ್ಕಳನ್ನು ಬಲವಂತವಾಗಿ ಕೂರಿಸಬೇಡಿ. ಬಾಗಿಲು ತೆರೆದಿರಲಿ, ನೀವು ಓದುತ್ತಿರಿ. ಅಜ್ಜಿ ಮನೆಯಲ್ಲಿದ್ದರೆ ಓದುವ ಸರದಿ ಅವರದಾಗಲಿ. ಕನ್ನಡದಲ್ಲಿ ಪೂರ್ಣ ಬೈಬಲ್ ಮೊದಲು ಅಚ್ಚಾದದ್ದು ಇಲ್ಲೇ ಪಕ್ಕದ ಬಳ್ಳಾರಿಯಲ್ಲಿ, 1831ರಲ್ಲಿ. ಹಳೆಯ ಅನುವಾದಗಳ ಭಾಷೆ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ತೊಡಕು, ಅಜ್ಜಿಗೆ ಸಲೀಸು. ಪಕ್ಕದ ಕೋಣೆಯಿಂದ ‘ಅಜ್ಜಿ, ಹಾಗಂದ್ರೇನು?’ ಎಂಬ ಪ್ರಶ್ನೆ ಬಂದರೆ ಅಜ್ಜಿಯೇ ಉತ್ತರಿಸಲಿ, ಅಪ್ಪ ಬಾಯಿ ಹಾಕುವುದು ಬೇಡ. ದೊಡ್ಡಕ್ಷರದ ಪ್ರತಿ ತಂದಿಡಿ, ಕನ್ನಡಕ ಕೈಗೆಟಕುವಲ್ಲಿ ಇರಲಿ.