ಚುರುಟಿನ ಪೆಟ್ಟಿಗೆಯೂ ತಂತಿಯ ನಾದವೂ

ಗಿಟಾರಿನ ಪೆಟ್ಟಿಗೆ ತಂತಿಯ ನಾದವನ್ನು ಹಿಗ್ಗಿಸುತ್ತದೆ ಎಂಬ ಮಾತು ಎಷ್ಟು ಬಳಕೆಯಲ್ಲಿದೆಯೋ ಅಷ್ಟೇ ದಾರಿ ತಪ್ಪಿಸುವಂಥದ್ದು. ಮರದ ಪೆಟ್ಟಿಗೆಯಲ್ಲಿ ಬ್ಯಾಟರಿಯಿಲ್ಲ. ಬೆರಳು ಕೊಟ್ಟ ಶಕ್ತಿಯನ್ನೇ ಅದು ಬೇಗ ಬೇಗ ಖರ್ಚು ಮಾಡುತ್ತದೆ. ಇದನ್ನು ತೋರಿಸಿಕೊಡಲು ಅಮೆರಿಕದಲ್ಲಿ ಕಾಸಿಲ್ಲದವರು ಕಟ್ಟಿಕೊಂಡ ಚುರುಟಿನ ಪೆಟ್ಟಿಗೆಯ ಗಿಟಾರಿಗಿಂತ ಒಳ್ಳೆಯ ಉಪಕರಣವಿಲ್ಲ.

ಬಿಗಿದ ತಂತಿ ಗಾಳಿಯನ್ನು ಸೀಳುತ್ತದೆಯೇ ಹೊರತು ತಳ್ಳುವುದಿಲ್ಲ. ಕಡ್ಡಿ ಬೀಸಿ ಹೊಟ್ಟು ಹಾರಿಸಲಾಗದು, ಅದಕ್ಕೆ ಮೊರವೇ ಬೇಕು. ತಂತಿಯ ಕಂಪನವನ್ನು ಅದರಡಿಯ ಕುದುರೆಯು (ತಂತಿಯನ್ನು ಎತ್ತಿ ಹಿಡಿಯುವ ಮರದ ತುಂಡು) ತೆಳುವಾದ ಮುಚ್ಚಳಕ್ಕೆ ಇಳಿಸಿದಾಗ ಆ ಮುಚ್ಚಳವೇ ಮೊರವಾಗುತ್ತದೆ. ಕೆರೆಯ ತೂಬನ್ನು ನೆನೆದರೆ ಇನ್ನೂ ಸ್ಪಷ್ಟ: ಕಿರಿದಾಗಿ ತೆರೆದರೆ ನೀರು ಬಹುಕಾಲ ಜಿನುಗುತ್ತದೆ, ಅಗಲವಾಗಿ ತೆರೆದರೆ ಭೋರ್ಗರೆದು ಬೇಗ ಬರಿದಾಗುತ್ತದೆ, ಕೆರೆಯಲ್ಲಿದ್ದ ನೀರು ಮಾತ್ರ ಅಷ್ಟೇ. ತೆಳು ಮುಚ್ಚಳದ ವಾದ್ಯ ಗಟ್ಟಿಯಾಗಿ ನುಡಿದು ಬೇಗ ಸುಮ್ಮನಾಗುವುದು ಇದರಿಂದಲೇ. ಒಳಗಿನ ಗಾಳಿಯದು ಬೇರೆ ಲೆಕ್ಕ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಹೊರಡುವ ಹೂಂಕಾರದಂತೆ, ರಂಧ್ರವುಳ್ಳ ಪ್ರತಿಯೊಂದು ಪೆಟ್ಟಿಗೆಗೂ ಅದರದೇ ಸ್ವರವಿದೆ. ದೊಡ್ಡ ಗಿಟಾರಿನಲ್ಲಿ ಅದು ಸೆಕೆಂಡಿಗೆ ಸುಮಾರು 100 ಕಂಪನಗಳ ಆಸುಪಾಸಿನಲ್ಲಿದ್ದರೆ, ಪುಟ್ಟ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬಹಳ ಮೇಲಿರುತ್ತದೆ. ಮಂದ್ರಕ್ಕೆ ಆಸರೆ ಸಿಗದೆ ದನಿ ಮೂಗಿನಿಂದ ಬಂದಂತೆ ಕೇಳುತ್ತದೆ.

ಈ ಪೆಟ್ಟಿಗೆಗಳನ್ನು ಮನೆಮನೆಗೆ ತಂದದ್ದು ಸಂಗೀತವಲ್ಲ, ತೆರಿಗೆ. 1860ರ ದಶಕದಲ್ಲಿ, ಅಂತರ್ಯುದ್ಧದ ಖರ್ಚಿಗೆ ಹಣ ಹೊಂದಿಸುತ್ತಿದ್ದ ಸರ್ಕಾರ, ಚುರುಟುಗಳನ್ನು ಮುದ್ರೆಯೊತ್ತಿದ ಪೆಟ್ಟಿಗೆಗಳಲ್ಲೇ ಮಾರಬೇಕೆಂದಿತು. ಬರಿದಾದ ಪೆಟ್ಟಿಗೆಗೆ ಮತ್ತೆ ಚುರುಟು ತುಂಬುವಂತಿರಲಿಲ್ಲ. ಆ ಯುದ್ಧವನ್ನು ಕಣ್ಣಾರೆ ಕಂಡ ಎಡ್ವಿನ್ ಫೋರ್ಬ್ಸ್‌ನ ಚಿತ್ರವೊಂದರಲ್ಲಿ ಸೈನಿಕನೊಬ್ಬ ಇಂಥದೇ ಪೆಟ್ಟಿಗೆಯ ಪಿಟೀಲು ನುಡಿಸುತ್ತಿದ್ದಾನೆ. ಅಮೆರಿಕದ ಕಪ್ಪು ಜನರ ಹಾಡಿನ ಪರಂಪರೆಯಾದ ಬ್ಲೂಸ್‌ನ ಗಾಯಕ, ಟೆಕ್ಸಾಸಿನ ಲೈಟ್ನಿನ್ ಹಾಪ್ಕಿನ್ಸ್ ತನ್ನ ಮೊದಲ ಗಿಟಾರನ್ನು ಚುರುಟಿನ ಪೆಟ್ಟಿಗೆಗೆ ಹಲಗೆಯ ತುಂಡೊಂದನ್ನು ಮೊಳೆ ಹೊಡೆದು, ಜಾಲರಿಯ ತಂತಿ ಕಟ್ಟಿ ಮಾಡಿಕೊಂಡದ್ದಾಗಿ ಹೇಳಿದ್ದಾನೆ.

ಹಳೆಯ, ಅಪರೂಪದ ಮರದಲ್ಲಿ ಮಾತ್ರ ನಾದ ನೆಲೆಸಿರುತ್ತದೆಂಬ ನಂಬಿಕೆ ನಮ್ಮಲ್ಲೂ ಗಟ್ಟಿಯಾಗಿದೆ. ಒಳ್ಳೆಯ ಚುರುಟಿನ ಪೆಟ್ಟಿಗೆಗೆ ಬಳಸುವ ‘ಸ್ಪ್ಯಾನಿಷ್ ಸೀಡರ್’ ಹೆಸರಿಗಷ್ಟೇ ದೇವದಾರು. ಅದು ಬೇವು, ಮಹಾಗನಿಗಳ ಕುಟುಂಬದ್ದು, ಪಶ್ಚಿಮ ಘಟ್ಟದ ಗಂಧಗರಿಗೆಯ ಹತ್ತಿರದ ನೆಂಟ. ಬೆಲೆಬಾಳುವ ಸ್ಪ್ಯಾನಿಷ್ ಗಿಟಾರುಗಳ ಕುತ್ತಿಗೆಗೂ ಇದೇ ಮರ ಹೋಗುತ್ತದೆ. ಕಸವೆಂದು ಎಸೆದದ್ದೂ ಕುಶಲಕರ್ಮಿ ಕೆತ್ತಿದ್ದೂ ಒಂದೇ ಎಂದರೆ ನಂಬಿಕೆಯುಳ್ಳವರಿಗೆ ಕೋಪ ಬರುತ್ತದೆ.

ಇಂದು ಇಂಥ ವಾದ್ಯಕ್ಕೆ ಹೆಚ್ಚಾಗಿ ಮೂರೇ ತಂತಿ, ಶ್ರುತಿ ನಮ್ಮ ಸ-ಪ-ಸ. ಅವುಗಳ ಕಂಪನಗಳ ಅನುಪಾತ 2:3:4. ಅಪಸ್ವರಕ್ಕೆ ಅವಕಾಶವೇ ಕಡಿಮೆಯಾದ್ದರಿಂದ ಕಲಿಯದವನೂ ಮೀಟಬಹುದು. ಗಾಂಧಾರ ಅಲ್ಲಿಲ್ಲ. ಬ್ಲೂಸಿಗೆ ಬೇಕಾದ ಗಾಂಧಾರವಾದರೋ ನಮ್ಮ ಸಾಧಾರಣ ಗಾಂಧಾರಕ್ಕೂ ಅದಕ್ಕಿಂತ ಮೇಲಿನ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಇದೆ. ಸ್ವರಸ್ಥಾನ ತೋರುವ ಮೆಟ್ಟುಗಳಿಲ್ಲದ ಕೋಲಿನ ಮೇಲೆ, ಗೋಟುವಾದ್ಯದವರಂತೆ, ಗಾಜಿನ ಕೊಳವೆಯನ್ನು ಜಾರಿಸುತ್ತಾ ಅದನ್ನು ಕಿವಿಯಿಂದಲೇ ಹುಡುಕಿಕೊಳ್ಳಬೇಕು.