ಜಲಾಶಯವನ್ನು ಓಯಸಿಸ್ ಅನ್ನಬೇಡಿ

ಅಮೆರಿಕದ ಯೂಟಾ ರಾಜ್ಯದ ಸ್ಯಾಂಡ್ ಹಾಲೋ ಬಗ್ಗೆ ಮತ್ತೊಂದು ಪ್ರವಾಸ ಬರಹ ಕಣ್ಣಿಗೆ ಬಿತ್ತು. ಕೆಂಪು ಬಂಡೆ, ನೀಲಿ ನೀರು, ಜೆಟ್ ಸ್ಕೀ, ಮೇಲೆ ಅದೇ ತಲೆಬರಹ: ‘ಮರುಭೂಮಿಯ ಓಯಸಿಸ್’. ಒಳಗೆ ಓದುತ್ತಾ ಹೋದರೆ ಅದು ಒಮ್ಮೆ ಸರೋವರ, ಒಮ್ಮೆ ಕೆರೆ, ಕೊನೆಗೆ ಡ್ಯಾಮ್. ಅದಕ್ಕೆ ಸಲ್ಲುವ ಪದ ಜಲಾಶಯ ಒಂದೇ. ಇದು ಬರೀ ನಿಘಂಟಿನ ಹಟವಲ್ಲ. ಮರಳುಗಾಡಿನಲ್ಲಿ ನೀರಿನ ಪಕ್ಕ ಹೊಸ ಪಾರ್ಕ್ ಮಾಡುವವರ ಮುಖ್ಯ ತೀರ್ಮಾನಗಳೆಲ್ಲ ಈ ಪದದ ಅರ್ಥದಿಂದಲೇ ಹುಟ್ಟುತ್ತವೆ.

‘ಶೀ’ ಅಂದರೆ ಮಲಗು. ಆ ಧಾತುವಿಗೆ ‘ಆ’ ಸೇರಿ ಬಂದದ್ದು ಆಶಯ, ಏನಾದರೂ ಬಂದು ತಂಗುವ ತಾಣ. ಮೂತ್ರಾಶಯ, ಪಿತ್ತಾಶಯ, ಗರ್ಭಾಶಯಗಳಲ್ಲಿ ಇರುವುದೂ ಇದೇ ಆಶಯ. ಈ ಮೂರನ್ನೂ ಗಮನಿಸಿ: ಒಳಗಿರುವುದು ಕಾಯಂ ಉಳಿಯಲು ಬಂದದ್ದಲ್ಲ, ಹೊತ್ತು ಬಂದಾಗ ಹೊರಗೆ ಹೋಗಲೇಬೇಕು. ಮನಸ್ಸಿನ ಆಶಯವೂ ಇದೇ ಧಾತುವಿನದು, ಮನದೊಳಗೆ ನೆಲೆಸಿದ್ದು ಎಂಬರ್ಥದಲ್ಲಿ. ಸಂಸ್ಕೃತದಲ್ಲಿ ಕೆರೆ, ಕೊಳ, ಮಡು ಎಲ್ಲವೂ ಜಲಾಶಯವೇ, ಒಪ್ಪೋಣ. ಆದರೆ ಇಂದಿನ ಕನ್ನಡ ಈ ಪದವನ್ನು ಹೆಚ್ಚಾಗಿ ಬಳಸುವುದು ಬಳಕೆಗಾಗಿ ಕಟ್ಟಿ ನಿಲ್ಲಿಸಿದ ನೀರಿಗೆ. ಅಣೆಕಟ್ಟು ಆ ನೀರನ್ನು ತಡೆದ ಗೋಡೆ. ‘ಡ್ಯಾಮ್ ತುಂಬಿತು’ ಆಡುಮಾತಿನಲ್ಲಿ ನಡೆದೀತು, ‘ಡ್ಯಾಮಿನಲ್ಲಿ ಈಜಿದರು’ ಎಂದು ಅಚ್ಚು ಹಾಕಿಸುವುದು ಮಾತ್ರ ಸಲ್ಲದು.

ಇನ್ನು ಓಯಸಿಸ್. ಅಲ್ಲಿ ನೀರು ನೆಲದಡಿಯಿಂದ ಮೇಲಕ್ಕೆ ಬರುತ್ತದೆ. ಸ್ಯಾಂಡ್ ಹಾಲೋದಲ್ಲಿ ನಡೆಯುವುದು ಇದಕ್ಕೆ ನೇರ ತಿರುಗುಮುರುಗು. ಅದು ನದಿಗೆ ಅಡ್ಡ ಕಟ್ಟಿದ್ದೂ ಅಲ್ಲ. ವರ್ಜಿನ್ ನದಿಯ ನೀರನ್ನು ಪೈಪಿನಲ್ಲಿ ತಂದು ಒಣ ತಗ್ಗಿಗೆ ತುಂಬಿಸುತ್ತಾರೆ. ಆ ತಗ್ಗಿನ ತಳ ನವಾಹೋ ಮರಳುಗಲ್ಲು. ನೀರು ಅದರ ಮೂಲಕ ಇಂಗಿ ಅಂತರ್ಜಲಕ್ಕೆ ಸೇರುತ್ತದೆ, ಸುತ್ತಲಿನ ಕೊಳವೆಬಾವಿಗಳು ಅದನ್ನು ಮತ್ತೆ ಎತ್ತುತ್ತವೆ. ತಳದಿಂದ ನೀರು ಇಂಗಿದರೆ ಉಳಿದ ಕಡೆ ನಷ್ಟ, ಇಲ್ಲಿ ಅದು ಯೋಜನೆಯ ಭಾಗ. ಕಣ್ಣಿಗೆ ಕಾಣುವ ನೀರು ದಾಸ್ತಾನಿನ ಒಂದು ಪಾಲು ಮಾತ್ರ, ಇನ್ನೊಂದು ಪಾಲು ಕಲ್ಲಿನೊಳಗಿದೆ. ವಾಷಿಂಗ್ಟನ್ ಕೌಂಟಿಯ ನೀರು ಸಂಸ್ಥೆ ಇದನ್ನು ಕಟ್ಟಿ ಮುಗಿಸಿದ್ದು 2002ರಲ್ಲಿ, ಸ್ಟೇಟ್ ಪಾರ್ಕ್ ತೆರೆದದ್ದು 2003ರಲ್ಲಿ. ಮೊದಲು ಕುಡಿಯುವ ನೀರು, ಆಮೇಲೆ ದೋಣಿ. ಈ ಕ್ರಮವನ್ನು ‘ಓಯಸಿಸ್’ ಪೂರ್ತಿ ಮರೆಸಿಬಿಡುತ್ತದೆ.

‘ಸರೋವರ’ ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ಸರೋವರ ಎಂದಕೂಡಲೇ ಮನಸ್ಸಿಗೆ ಬರುವುದು ಇದ್ದಲ್ಲೇ ಇರುವ ದಡ. ಜಲಾಶಯದ ದಡ ನೀರು ಬಿಡುವವರ ವೇಳಾಪಟ್ಟಿಯಂತೆ ಸರಿಯುತ್ತದೆ. ಅರಿಜೋನಾದ ಲೇಕ್ ಪ್ಲೆಸೆಂಟ್ ನೋಡಿ. ಚಳಿಗಾಲದಲ್ಲಿ ಕೊಲರಾಡೊ ನದಿಯ ನೀರನ್ನು ಕಾಲುವೆಯಿಂದ ಅದಕ್ಕೆ ಪಂಪ್ ಮಾಡುತ್ತಾರೆ, ಬೇಸಿಗೆಯಲ್ಲಿ ಬಿಡುತ್ತಾರೆ. ಅಂದರೆ ಜನ ಈಜಲು ಬರುವ ಕಾಲಕ್ಕೇ ನೀರು ಇಳಿಯುತ್ತಾ ಹೋಗುತ್ತದೆ. ಹೂವರ್ ಅಣೆಕಟ್ಟಿನ ಹಿಂದಿನ ಲೇಕ್ ಮೀಡ್ ಇನ್ನೂ ದೊಡ್ಡ ಪಾಠ. 1964ರಲ್ಲಿ ಅಮೆರಿಕದ ಸಂಸತ್ತು ಅದನ್ನು ರಾಷ್ಟ್ರೀಯ ವಿಹಾರ ಪ್ರದೇಶವೆಂದು ಘೋಷಿಸಿತು. ತುಂಬಿದಾಗ ಅದರ ನೀರಿನ ಮಟ್ಟ ಸಮುದ್ರಮಟ್ಟದಿಂದ ಸುಮಾರು 1,229 ಅಡಿ, 2022ರ ಜುಲೈನಲ್ಲಿ ಸುಮಾರು 1,040 ಅಡಿ. ದೋಣಿ ಇಳಿಸುವ ಕಾಂಕ್ರೀಟ್ ಇಳಿಜಾರುಗಳು ಬಿರಿದ ಕೆಸರಿನಲ್ಲಿ ಕೊನೆಗೊಂಡವು. ನೀರು ಎಲ್ಲಿಯವರೆಗೆ ಇತ್ತು ಎಂಬುದನ್ನು ಬಂಡೆಯ ಮೇಲಿನ ಬಿಳಿ ಖನಿಜದ ಪಟ್ಟಿ ಇವತ್ತಿಗೂ ತೋರಿಸುತ್ತದೆ. ‘ಲೇಕ್’ ಎಂಬುದು ಅದರ ಹೆಸರಿನಲ್ಲಿದೆ, ಇರಲಿ. ವಿವರಿಸುವಾಗಲಾದರೂ ಜಲಾಶಯ ಎನ್ನಿ.

ಹೀಗಿರುವಾಗ ಪಾರ್ಕ್ ಮಾಡುವವರು ಕಟ್ಟಬೇಕಾದ್ದೇ ಬೇರೆ. ಇಳಿಜಾರು ಕನಿಷ್ಠ ಮಟ್ಟದವರೆಗೂ ಮುಟ್ಟಬೇಕು, ದೋಣಿಕಟ್ಟೆ ನೀರಿನ ಜೊತೆ ಏರಿ ಇಳಿಯುವ ತೇಲುಕಟ್ಟೆಯಾಗಿರಬೇಕು, ಶೌಚಾಲಯ ಮತ್ತು ಡೇರೆ ಜಾಗ ಗರಿಷ್ಠ ಮಟ್ಟದಿಂದ ಆಚೆಗಿರಬೇಕು. ನೆರಳನ್ನೂ ಕಟ್ಟಿಯೇ ಕೊಡಬೇಕು, ನೀರಿನ ಅಂಚೇ ಓಡಾಡುತ್ತಿದ್ದರೆ ಮರ ಎಲ್ಲಿ ಬೇರೂರೀತು? ಬಿಸಿಲಿಗೆ ಲೇಕ್ ಮೀಡ್‌ನಿಂದ ವರ್ಷಕ್ಕೆ ಸುಮಾರು 6 ಅಡಿ ನೀರು ಆವಿಯಾಗುತ್ತದೆ, ಯಾರೂ ಒಂದು ಹನಿ ಬಳಸದಿದ್ದರೂ. ದೋಣಿ ತಪಾಸಣೆಯೂ ಇದೇ ಲೆಕ್ಕಕ್ಕೆ ಸೇರಿದ್ದು. 2007ರಲ್ಲಿ ಲೇಕ್ ಮೀಡ್‌ನಲ್ಲಿ ಕ್ವಾಗಾ ಎಂಬ ಚಿಪ್ಪುಜೀವಿ ಪತ್ತೆಯಾಯಿತು. ಅದರ ಮರಿ ಬರಿಗಣ್ಣಿಗೆ ಕಾಣದು, ದೋಣಿಯ ತಳದಲ್ಲಿ ಉಳಿದ ಒಂದಿಷ್ಟು ನೀರಿನಲ್ಲೇ ಇನ್ನೊಂದು ಜಲಾಶಯಕ್ಕೆ ಹೋಗಿ, ಬೆಳೆದು, ನೀರಿನ ಕೊಳವೆಗಳು ಕಟ್ಟಿಕೊಳ್ಳುವಂತೆ ಮಾಡುತ್ತದೆ. ದೋಣಿಯನ್ನು ತೊಳೆದು, ನೀರು ಬಸಿದು, ಒಣಗಿಸಿ ತನ್ನಿ ಎಂದು ಹೇಳುವ ಸಿಬ್ಬಂದಿ ಕಾಯುತ್ತಿರುವುದು ಊರಿನ ನಲ್ಲಿಯನ್ನು.

‘ಉದ್ಯಾನ’ವೂ ಇಲ್ಲಿ ಬೇಡ. ಉದ್ಯಾನ ಎಂದರೆ ಹೂಗಿಡ, ಹುಲ್ಲುಹಾಸು. ಸ್ಯಾಂಡ್ ಹಾಲೋ ಪಾರ್ಕಿನ ದೊಡ್ಡ ಭಾಗ ಕೆಂಪು ಮರಳಿನ ದಿಬ್ಬಗಳು, ಅಲ್ಲಿ ಜನ ನಾಲ್ಕು ಚಕ್ರದ ಮರಳುಗಾಡಿ ಓಡಿಸುತ್ತಾರೆ. ಸ್ಟೇಟ್ ಪಾರ್ಕ್ ಎಂದೇ ಬರೆಯಿರಿ, ಓದುವವರಿಗೆ ತಿಳಿಯುತ್ತದೆ.