ಊರ ಹಳೇ ಚರ್ಚ್ ದುರಸ್ತಿಗೆ ದುಡ್ಡು ಕೂಡಿಸೋದು ಹೇಗೆ?

ಪ್ರಶ್ನೆ: ನಮ್ಮದು ಬೀದರ್ ಜಿಲ್ಲೆಯ ಸಣ್ಣ ಊರು. ಮುತ್ತಜ್ಜನ ಕಾಲದ ಕಲ್ಲಿನ ಚರ್ಚ್ ಮಳೆಗಾಲದಲ್ಲಿ ಸೋರುತ್ತದೆ, ಗೋಡೆ ಬಿರುಕು ಬಿಟ್ಟಿದೆ. ನಮ್ಮ ಸಭೆಯಲ್ಲಿ, ಅಂದರೆ ಚರ್ಚಿಗೆ ಸೇರಿದ ಜನರಲ್ಲಿ, ಕೂಲಿ ಮಾಡುವ ಮನೆಗಳೇ ಜಾಸ್ತಿ. ಎಷ್ಟೋ ಮಂದಿ ಹೈದರಾಬಾದ್, ಪುಣೆ ಸೇರಿದ್ದಾರೆ. ಇಷ್ಟು ದೊಡ್ಡ ಖರ್ಚಿಗೆ ದುಡ್ಡು ಎಲ್ಲಿಂದ ತರೋದು?

ಉತ್ತರ: ದುಡ್ಡು ಕೇಳುವ ಮೊದಲು ಗೋಡೆ ನೋಡಿ. ಸುಮ್ನೆ "ಚರ್ಚ್ ರಿಪೇರಿಗೆ ಚಂದಾ ಕೊಡಿ" ಅಂದರೆ ಜನ ನೂರು ರೂಪಾಯಿ ಕೊಟ್ಟು ಕಳಿಸುತ್ತಾರೆ. "ಚಾವಣಿಯ ಎರಡು ತೊಲೆ ಕೊಳೆತಿವೆ, ಒಂದಕ್ಕೆ ಇಷ್ಟು ಖರ್ಚು" ಅಂದರೆ ಒಂದು ತೊಲೆ ಹೊರುವ ಮನೆತನ ಸಿಗುತ್ತದೆ.

ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಬಿರುಕು ಗೆರೆ ದಾಟಿದ್ದರೆ ಅದು ಬೆಳೆಯುತ್ತಿದೆ ಅಂತಲೇ ಅರ್ಥ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುತ್ತದೆ, ಅದರ ಜೊತೆ ಪಾಯವೂ ಅಲುಗುತ್ತದೆ. ಅಂಥ ಕಡೆ ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಮಾಡುವುದಕ್ಕೇ ಮೊದಲ ದುಡ್ಡು ಹೋಗಬೇಕು. ಬಣ್ಣ, ಟೈಲ್ಸ್ ಎಲ್ಲ ಆಮೇಲೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ: ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಬೇಡಿ. ನೋಡೋಕೆ ಗಟ್ಟಿ, ಆದರೆ ಒಳಗಿನ ತೇವಕ್ಕೆ ಹೊರಬರಲು ದಾರಿ ಇರುವುದಿಲ್ಲ. ಬೀದರಿನ ಜಂಬಿಟ್ಟಿಗೆ ಕಲ್ಲಂತೂ ಮೊದಲೇ ತೂತು ತೂತು, ನೀರು ಹೀರಿಕೊಂಡು ಒಳಗೊಳಗೇ ಉದುರುತ್ತದೆ. ಹಳೆ ಸ್ಮಾರಕಗಳಲ್ಲಿ ಗಾರೆ ಕೆಲಸ ಮಾಡಿದ ಮೇಸ್ತ್ರಿಯನ್ನು ಹುಡುಕಿ. ಅವರ ಕೈಯಿಂದಲೇ ಅಂದಾಜು ಪಟ್ಟಿ ಬರೆಸಿ.

ಇನ್ನು ಕಾಗದಪತ್ರ. ಬಹಳ ಕಡೆ ಜಾಗ ಊರ ಸಭೆಯ ಹೆಸರಲ್ಲಿ ಇರುವುದಿಲ್ಲ, ಚರ್ಚ್ ಯಾವ ಮೇಲಿನ ಸಂಸ್ಥೆಗೆ ಸೇರಿದೆಯೋ ಅದರ ಹೆಸರಲ್ಲಿರುತ್ತದೆ. ಅವರಿಂದ ಒಪ್ಪಿಗೆ ಪತ್ರ ತಂದುಕೊಳ್ಳಿ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಚರ್ಚ್ ದುರಸ್ತಿ ಅನುದಾನ ಕೇಳುವಾಗಲೂ ಅದು ಬೇಕಾಗುತ್ತದೆ.

ಚಂದಾ ಕೇಳುವ ಕಾಲ ಮುಖ್ಯ. ಜೂನಿನಲ್ಲಿ ಬೀಜ, ಗೊಬ್ಬರಕ್ಕೇ ಸಾಲ ಮಾಡಿರುವ ಮನೆ ಬಾಗಿಲಿಗೆ ರಸೀದಿ ಪುಸ್ತಕ ಹಿಡಿದು ಹೋಗುವುದು ಸರಿಯಲ್ಲ. ತೊಗರಿ ಮನೆಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ದುಡಿಯಲು ಹೋದವರು ಕ್ರಿಸ್‌ಮಸ್‌ಗೆ ಊರಿಗೆ ಬರುವುದೂ ಆಗಲೇ. ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ಬೆಳೆಯ ಹರಾಜನ್ನು ಆ ವಾರವೇ ಇಟ್ಟುಕೊಳ್ಳಿ. ಒಬ್ಬರು ಕುಂಬಳಕಾಯಿಗೆ ಬೆಲೆ ಕೂಗಿ ಅದನ್ನು ಕೊಂಡು, ದುಡ್ಡು ಕಟ್ಟಿ, ಕಾಯಿಯನ್ನು ಮತ್ತೆ ಬಲಿಪೀಠದ ಮುಂದೆ ಇಡುತ್ತಾರೆ. ಅದನ್ನೇ ಇನ್ನೊಬ್ಬರು ಕೂಗುತ್ತಾರೆ. ಒಂದೇ ಕಾಯಿ ನಾಲ್ಕು ಮನೆಯ ಕಾಣಿಕೆ ತರುತ್ತದೆ. ಕೈಯಲ್ಲಿ ದುಡ್ಡಿಲ್ಲದವರು ಒಂದು ದಿನದ ಆಳು ಕೊಡಲಿ, ಟ್ರ್ಯಾಕ್ಟರ್ ಇದ್ದವರು ಒಂದು ಲೋಡ್ ಮರಳು ಹಾಕಲಿ. ಅದನ್ನೂ ರೂಪಾಯಿ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯಿರಿ. ಬೇರೆ ಧರ್ಮದ ನೆರೆಯವರನ್ನು ಕೇಳಲು ಸಂಕೋಚ ಬೇಡ. ಅದೇ ಗಂಟೆಯ ಸದ್ದು ಕೇಳಿ ಬೆಳೆದವರು ಅವರೂ ಅಲ್ವಾ?

ಗಲ್ಫ್‌ನಲ್ಲಿ ಇರುವ ನಿಮ್ಮವರು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣವನ್ನು ವಿದೇಶಿ ದೇಣಿಗೆ ಅಂತ ಲೆಕ್ಕ ಹಾಕುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣ ಹಾಗಲ್ಲ. ಅದಕ್ಕೆ 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕೇ ಬೇಕು. ಅದಿಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

ಖಾತೆ ಯಾರೊಬ್ಬರ ಹೆಸರಲ್ಲೂ ಬೇಡ. ಸಭೆಯ ಹೆಸರಲ್ಲಿ ಜಂಟಿ ಖಾತೆ ಇರಲಿ, ಸಹಿ ಹಾಕುವವರಲ್ಲಿ ಒಬ್ಬ ಹೆಣ್ಣುಮಗಳಾದರೂ ಇರಲಿ. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಬಂದದ್ದು, ಹೋದದ್ದು ಎರಡನ್ನೂ ಗಟ್ಟಿಯಾಗಿ ಓದಿ, ಬಾಗಿಲ ಪಕ್ಕ ಅಂಟಿಸಿ. ಪುಣೆಯಲ್ಲಿ ಇರುವವರಿಗೆ ಅದರ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ. ಎರಡನೇ ಸಲ ಕೇಳಿದಾಗ ಅವರು ಕೊಡುವುದು ಇದನ್ನು ನೋಡಿಯೇ.

ಪೂರ್ತಿ ಮೊತ್ತ ಸೇರಲಿ ಅಂತ ಕಾಯಬೇಡಿ. ಜನವರಿಯಲ್ಲಿ ಕೂಡಿದ ದುಡ್ಡಿನಲ್ಲಿ ಮೊದಲು ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಮಾಡಿ, ಆಮೇಲೆ ಚಾವಣಿ ಬಿಚ್ಚಿ, ಮೇ ಮುಗಿಯುವುದರೊಳಗೆ ಮುಚ್ಚಿಬಿಡಿ. ಗೋಡೆ ಕೆಲಸ ಮುಂದಿನ ಸುಗ್ಗಿಗೆ ಇಟ್ಟುಕೊಳ್ಳಿ.